ಇಇಜಿ ನಾರ್ಮಲ್, ಆದರೂ ಅಪ್ಪನಿಗೆ ಹೆಸರು ನೆನಪಾಗುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನಾವು ಚಿಕ್ಕಮಗಳೂರಿನ ಆಲ್ದೂರು ಕಡೆಯವರು. ಅಪ್ಪನಿಗೆ 67 ವರ್ಷ. 35 ವರ್ಷ ಒಂದು ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದರು. ಚೆಕ್‌ರೋಲ್ (ಹಾಜರಿ ಪುಸ್ತಕ) ತೆಗೆಯದೆ ನೂರು ಆಳುಗಳ ಹೆಸರು ಹೇಳುತ್ತಿದ್ದರು. ಹೋದ ವರ್ಷ ಮೂಡಿಗೆರೆಯಲ್ಲಿ ಒಂದು ಮದುವೆ. ಇಪ್ಪತ್ತು ವರ್ಷ ಜೊತೆಗೇ ದುಡಿದ ಟ್ರ್ಯಾಕ್ಟರ್ ಡ್ರೈವರ್ ಬಂದು ಮಾತಾಡಿಸಿದರೆ, 'ನಿಮ್ಮನ್ನ ಎಲ್ಲೋ ನೋಡಿದ್ದೀನಿ' ಅಂದುಬಿಟ್ಟರು. ಪಾಪ, ಅವರ ಮುಖ ಚಿಕ್ಕದಾಯಿತು. ಈಚೆಗೆ ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ಮೂರು ಸಲ ಕೇಳುತ್ತಾರೆ. ಆದರೆ ಹಳೆಯದೆಲ್ಲ ಚೆನ್ನಾಗಿ ನೆನಪಿದೆ. ರಸ್ತೆಯಲ್ಲಿ ನಿಂತೇ ಯಾವ ಕಾಫಿ ಗಿಡಕ್ಕೆ ಕಾಂಡಕೊರಕ ಹುಳ ಬಿದ್ದಿದೆ ಅಂತ ಹೇಳುತ್ತಾರೆ. ಬಿಪಿ ಟೆಸ್ಟ್ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಿ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮಾಡಿಸಿದೆವು. 'ಆಲ್ಫಾ 9 ಹರ್ಟ್ಸ್, ನಾರ್ಮಲ್' ಎಂದು ಬಂತು. ಹಾಗಾದರೆ ನೆನಪಿಗೆ ಏನೂ ಆಗಿಲ್ಲ ಅಂತಲೇ? ಪರಿಚಯದವರೊಬ್ಬರು ಬ್ರೈನ್ ಮ್ಯಾಪಿಂಗ್ ಮಾಡಿಸಿ, ಪೊಲೀಸರೇ ಅದನ್ನು ಬಳಸುತ್ತಾರೆ, ತಲೆಯಲ್ಲಿ ಏನಿದೆ ಏನಿಲ್ಲ ಎಲ್ಲ ಗೊತ್ತಾಗುತ್ತೆ ಅನ್ನುತ್ತಾರೆ. ತಮ್ಮ ಆಲ್ಫಾ ಅಲೆ ಹೆಚ್ಚಿಸುವ ಹೆಡ್‌ಸೆಟ್ ತರಿಸುತ್ತೇನೆ ಅನ್ನುತ್ತಿದ್ದಾನೆ. ಇದು ಆಲ್ಝೈಮರ್ ಕಾಯಿಲೆಯೇ? ಅಪ್ಪನಿಗೆ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಮೈ ಕೆರೆತಕ್ಕೆ ಎರಡು ವರ್ಷದಿಂದ ರಾತ್ರಿ ಒಂದು ಹಳೇ ಅಲರ್ಜಿ ಮಾತ್ರೆ ನುಂಗುತ್ತಾರೆ, ಅದರಿಂದ ನಿದ್ದೆ ಚೆನ್ನಾಗಿ ಬರುತ್ತೆ. ಬೇರೇನೂ ತೊಂದರೆ ಇಲ್ಲ, ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಇಡುತ್ತಾರೆ ಅಷ್ಟೇ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇಇಜಿ, ಮ್ಯಾಪಿಂಗ್, ಹೆಡ್‌ಸೆಟ್ ಇವೇ ಕಣ್ಣಿಗೆ ಬಿದ್ದವು. ಎರಡನೇ ಸಲ ಕೊನೆಯ ಮೂರು ಸಾಲು ಕಂಡವು. 'ಬೇರೇನೂ ತೊಂದರೆ ಇಲ್ಲ' ಅಂತ ಬರೆದಿದ್ದೀರಲ್ಲ, ಅದರ ಅಕ್ಕಪಕ್ಕದಲ್ಲೇ ಮೂರು ಮುಖ್ಯ ವಿಷಯ ಇಟ್ಟಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ರಿಪೋರ್ಟಿನ ವಿಷಯ ಮುಗಿಸೋಣ.

ಇಇಜಿ ನೆನಪನ್ನು ಅಳೆಯುವ ಯಂತ್ರವಲ್ಲ. ನಿಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸಿನ ಹೊರಗೆ ನಿಂತು ಗೋಡೆಗೆ ಕಿವಿ ಇಟ್ಟಿದ್ದೀರಿ ಅಂದುಕೊಳ್ಳಿ. ಮೆಷಿನ್ ಓಡುತ್ತಿದೆಯೇ, ನಿಂತಿದೆಯೇ, ಎಲ್ಲಾದರೂ ಬೆಲ್ಟ್ ಜಾರುತ್ತಿದೆಯೇ, ಇಷ್ಟು ಸದ್ದಿನಿಂದಲೇ ಗೊತ್ತಾಗುತ್ತದೆ. ಆದರೆ ಒಳಗೆ ಓಡುತ್ತಿರುವುದು ಯಾರ ತೋಟದ ಕಾಫಿ, ಎಷ್ಟು ಮೂಟೆ, ಗೋಡೌನಿನಲ್ಲಿ ಯಾವ ಮೂಟೆ ಎಲ್ಲಿದೆ ಅಂತ ಗೊತ್ತಾಗುತ್ತದೆಯೇ? ಇಇಜಿಯೂ ಹಾಗೆಯೇ. ಕೋಟಿಗಟ್ಟಲೆ ನರಕೋಶಗಳ ಒಟ್ಟು ಸದ್ದನ್ನು ತಲೆಬುರುಡೆಯ ಹೊರಗಿನಿಂದ ಕೇಳಿಸಿಕೊಳ್ಳುವುದು. ಆ ಸದ್ದು ಎಷ್ಟು ಸಣ್ಣದು ಅಂದರೆ, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ ಇದೆಯಲ್ಲ, ಅದರ ವೋಲ್ಟೇಜಿನ ಮೂವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು.

ನಿಮ್ಮ ರಿಪೋರ್ಟಿನ 'ಆಲ್ಫಾ 9' ಅಂದರೆ ಅಪ್ಪ ಎಚ್ಚರವಾಗಿದ್ದು, ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಒಂಬತ್ತು ಅಲೆ ಎದ್ದವು ಅಂತ. ದೊಡ್ಡವರಲ್ಲಿ 8ರಿಂದ 13 ಇರಬೇಕು. ಹಾಗಾಗಿ ಸರಿಯಾಗಿಯೇ ಇದೆ. ಆಲ್ಝೈಮರ್ ಕಾಯಿಲೆ ಮುಂದುವರಿದಾಗ ಈ ಅಲೆ ನಿಧಾನವಾಗಿ 8ಕ್ಕಿಂತ ಕೆಳಗೆ ಇಳಿಯುವುದುಂಟು. ಆದರೆ ಶುರುವಿನಲ್ಲಿ ಎಷ್ಟೋ ಜನರಲ್ಲಿ ಏನೂ ಬದಲಾಗಿರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತಿದ್ದರೂ ಬುದ್ಧಿ ಬಂದಿದ್ದು ಮಾತ್ರ ಒಂದು ತಪ್ಪಿನಿಂದ. ಹಾಸನದಲ್ಲಿ ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ, ಒಬ್ಬ ನಿವೃತ್ತ ಮೇಷ್ಟರ ಮನೆಯವರಿಗೆ 'ಇಇಜಿ ನಾರ್ಮಲ್, ಆರಾಮಾಗಿರಿ' ಎಂದು ಹೇಳಿ ಕಳಿಸಿದ್ದೆ. ಎರಡು ವರ್ಷದ ನಂತರ ಅವರು ಮತ್ತೆ ಬಂದರು. ಮೇಷ್ಟರಿಗೆ ತಮ್ಮ ಬೀದಿಯೇ ಗೊತ್ತಾಗುತ್ತಿರಲಿಲ್ಲ. ಅವತ್ತಿನಿಂದ ಮರೆವಿಗೆ ಅಂತ ಬಂದವರಿಗೆ ಇಇಜಿ ತೋರಿಸಿ ಸಮಾಧಾನ ಹೇಳುವುದನ್ನು ಬಿಟ್ಟೆ.

ಹಾಗಂತ ಅದು ದಂಡವೂ ಅಲ್ಲ. ಮಾತಾಡುತ್ತಾ ಇದ್ದವರು ಇದ್ದಕ್ಕಿದ್ದಂತೆ ಒಂದು ನಿಮಿಷ ಶೂನ್ಯ ನೋಡುತ್ತಾರೆ, ತುಟಿ ಚಪ್ಪರಿಸುತ್ತಾರೆ, ಆಮೇಲೆ ಆ ಹೊತ್ತಿನದ್ದು ಏನೂ ನೆನಪಿರುವುದಿಲ್ಲ ಎಂದರೆ ಇಇಜಿ ಬೇಕೇ ಬೇಕು. ಅದು ಫಿಟ್ಸ್ ಇರಬಹುದು. ಮೈ ಅದುರದ ಫಿಟ್ಸೂ ಇದೆ. ಎರಡು ಮೂರು ದಿನದಲ್ಲೇ ಏಕಾಏಕಿ ಗೊಂದಲ ಶುರುವಾದರೂ ಬೇಕು. ನಿಮ್ಮ ಅಪ್ಪನಿಗೆ ಇಂಥದ್ದು ಆಗಿದ್ದರೆ ಬರೆಯಿರಿ. ಆಗ ನನ್ನ ಉತ್ತರವೇ ಬೇರೆ.

ಇನ್ನು ಮದುವೆಮನೆಯಲ್ಲಿ ಏನಾಯಿತು ನೋಡೋಣ. ನನಗೆ ನಿಮ್ಮ ಪತ್ರದಲ್ಲಿ ಅತಿ ಇಷ್ಟವಾದ ಭಾಗ ಅದು. ಅಪ್ಪ 'ನೀವ್ಯಾರು' ಅನ್ನಲಿಲ್ಲ. 'ನಿಮ್ಮನ್ನ ಎಲ್ಲೋ ನೋಡಿದ್ದೀನಿ' ಅಂದರು. ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಗುರುತು ಹತ್ತುವುದು ಬೇರೆ, ನೆನಪಾಗುವುದು ಬೇರೆ. ದಿನಾ ಹೋಗುವ ಬಸ್ಸಿನ ಕಂಡಕ್ಟರ್ ಒಂದು ದಿನ ಪಂಚೆ ಉಟ್ಟು ಛತ್ರದಲ್ಲಿ ಎದುರಾದರೆ ನಿಮಗೂ ಹೀಗೇ ಆಗುತ್ತದೆ. ಮುಖ ಗೊತ್ತು, ನೂರಕ್ಕೆ ನೂರು ಗೊತ್ತು. ಆದರೆ ಯಾರು, ಎಲ್ಲಿ, ಹೆಸರೇನು, ಒಂದೂ ಬರುವುದಿಲ್ಲ. ತಲೆಗೆ ಎಲೆಕ್ಟ್ರೋಡ್ ಹಾಕಿ ಫೋಟೋ ತೋರಿಸುತ್ತಾ ಹೋದರೆ ಈ ಎರಡು ಕೆಲಸಗಳು ಬೇರೆ ಬೇರೆ ಹೊತ್ತಿಗೆ ನಡೆಯುವುದು ಅಲೆಗಳಲ್ಲಿ ಕಾಣುತ್ತದೆ. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ಒಂದು ಅಲೆ ಬರುತ್ತದೆ, 'ಇದು ಮನುಷ್ಯರ ಮುಖ' ಅನ್ನುವುದಕ್ಕೆ. 300ರಿಂದ 500ರ ನಡುವೆ ಇನ್ನೊಂದು, 'ಇದನ್ನು ಮೊದಲು ನೋಡಿದ್ದೇನೆ' ಅನ್ನುವುದಕ್ಕೆ. 500ರಿಂದ 800ರ ನಡುವೆ ಮೂರನೆಯದು, ಎಲ್ಲಿ ಯಾವಾಗ ಎಂಬ ವಿವರ ಸಿಕ್ಕಾಗ. ಇಷ್ಟೂ ಒಂದು ಸೆಕೆಂಡಿನೊಳಗೆ. ಅಪ್ಪನ ಮೆದುಳು ಎರಡನೇ ಮೆಟ್ಟಿಲವರೆಗೆ ಹೋಗಿ ನಿಂತಿತು, ಮೂರನೆಯದು ಹತ್ತಲಿಲ್ಲ.

ಇದೆಲ್ಲ ನಿಮ್ಮ ರಿಪೋರ್ಟಿನಲ್ಲಿ ಯಾಕಿಲ್ಲ ಅಂತ ಕೇಳಬಹುದು. ಈ ಅಲೆಗಳು ತೀರಾ ಸಣ್ಣವು, ಮೆದುಳಿನ ಮಾಮೂಲಿ ಗದ್ದಲದಲ್ಲಿ ಮುಳುಗಿಹೋಗಿರುತ್ತವೆ. ಹತ್ತಾರು ಫೋಟೋ ತೋರಿಸಿ, ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಮಾತ್ರ ಕಾಣುತ್ತವೆ. ಸುಮ್ನೆ ಮಲಗಿಸಿ ಅರ್ಧ ಗಂಟೆ ತೆಗೆಯುವ ಇಇಜಿಯಲ್ಲಿ ಬರುವುದಿಲ್ಲ.

ವಯಸ್ಸಾದಂತೆ ಹೆಚ್ಚು ಸೊರಗುವುದು ಮೂರನೇ ಮೆಟ್ಟಿಲೇ. ಅದರಲ್ಲೂ ಹೆಸರು. ಹೆಸರಿಗೂ ಮುಖಕ್ಕೂ ಯಾವ ನಂಟೂ ಇಲ್ಲವಲ್ಲ. ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಅನ್ನುವುದಕ್ಕೆ ಒಂದು ಚಿತ್ರ ಇದೆ, ಸದ್ದಿದೆ, ಡೀಸೆಲ್ ವಾಸನೆ ಇದೆ. ಹೆಸರಿಗೆ ಏನಿದೆ? ಅದಕ್ಕೇ ಅದು ಮೊದಲು ಜಾರುತ್ತದೆ. ಮದುವೆಮನೆಯ ವಾಲಗದ ಗದ್ದಲದಲ್ಲಿ, ಎಸ್ಟೇಟಿನ ಖಾಕಿ ಬಿಟ್ಟು ಬಿಳಿ ಶರ್ಟು ಹಾಕಿದವರು ಎದುರು ಬಂದಾಗ ಹೀಗಾಗಿದ್ದು ಒಂದೇ ಸಲವಾದರೆ, ನಾನು ಅದನ್ನು ಕಾಯಿಲೆ ಅನ್ನುವುದಿಲ್ಲ.

ನನಗೆ ತೊಡಕಾಗಿ ಕಂಡಿದ್ದು ಮದುವೆಯ ಸಂಗತಿಯಲ್ಲ. ಅರ್ಧ ಗಂಟೆಯಲ್ಲಿ ಅದೇ ಪ್ರಶ್ನೆ ಮೂರು ಸಲ ಕೇಳುವುದು. ಹೆಸರು ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡರೆ ಸರಕು ಗೋಡೌನಿನಲ್ಲಿದೆ, ಬೀಗದ ಕೈ ಸಿಕ್ಕಿಲ್ಲ ಅಂತ ಅರ್ಥ. ಈಗಷ್ಟೇ ಕೊಟ್ಟ ಉತ್ತರ ಹತ್ತು ನಿಮಿಷಕ್ಕೆ ಅಳಿಸಿಹೋದರೆ ಸರಕು ಒಳಗೆ ಹೋಗಲೇ ಇಲ್ಲ ಅಂತ. ಹೊಸದನ್ನು ಒಳಗೆ ಸೇರಿಸುವ ಕೆಲಸ ಮೆದುಳಿನ ಒಳಬದಿಯಲ್ಲಿ, ಎರಡೂ ಕಿವಿಗಳ ನೇರಕ್ಕಿರುವ ಹಿಪ್ಪೋಕ್ಯಾಂಪಸ್ ಎಂಬ ಪುಟ್ಟ ಭಾಗದ್ದು. ಆಲ್ಝೈಮರ್ ಸಾಮಾನ್ಯವಾಗಿ ಕೈಹಾಕುವುದು ಅದಕ್ಕೂ ಅದರ ಅಕ್ಕಪಕ್ಕಕ್ಕೂ ಮೊದಲು.

'ಹಳೆಯದೆಲ್ಲ ನೆನಪಿದೆ, ಹಾಗಾಗಿ ತೊಂದರೆ ಇಲ್ಲ' ಅನ್ನುವ ನಂಬಿಕೆ ಇಲ್ಲೇ ಎಡವುತ್ತದೆ. ನನ್ನ ಹತ್ತಿರ ಬರುವ ಹತ್ತು ಮನೆಯವರಲ್ಲಿ ಎಂಟು ಮನೆಯವರು ಇದನ್ನೇ ಹೇಳುತ್ತಾರೆ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಫಿಟ್ಸ್ ನಿಲ್ಲಿಸಲು ಎರಡೂ ಬದಿಯ ಹಿಪ್ಪೋಕ್ಯಾಂಪಸ್ಸಿನ ದೊಡ್ಡದೊಂದು ಭಾಗ ತೆಗೆದರು. ಆಗ ಅವರಿಗೆ 27 ವರ್ಷ. ಬಾಲ್ಯದ್ದು ನೆನಪಿತ್ತು, ಮಾತು ಬುದ್ಧಿ ಎಲ್ಲ ಚೆನ್ನಾಗಿತ್ತು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಸಂಗತಿಗಳು ತಲೆಯಲ್ಲಿ ನಿಲ್ಲಲಿಲ್ಲ. ವರ್ಷಗಟ್ಟಲೆ ಬಂದು ಪರೀಕ್ಷೆ ಮಾಡುತ್ತಿದ್ದ ವಿಜ್ಞಾನಿಯನ್ನೂ ಪ್ರತಿ ಸಲ ಹೊಸಬರಂತೆ ನೋಡುತ್ತಿದ್ದರು. ಹಾಗಿದ್ದೂ ಕನ್ನಡಿ ನೋಡಿ ನಕ್ಷತ್ರ ಗೀಚುವ ಕೆಲಸ ಕೊಟ್ಟರೆ ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಬಂತು. ನಿನ್ನೆ ಮಾಡಿದ್ದೇ ನೆನಪಿರಲಿಲ್ಲ, ಆದರೂ ಕೈ ಕಲಿತಿತ್ತು. ಕಾಂಡಕೊರಕ ಬಿದ್ದ ಗಿಡವನ್ನು ಎಲೆಯ ಬಣ್ಣ ನೋಡಿ ದೂರದಿಂದಲೇ ಹಿಡಿಯುವುದು ಇಂಥ ಪಳಗಿದ ಕಣ್ಣಿನ ಕೆಲಸ. 35 ವರ್ಷದ ಉಗ್ರಾಣ ಅದು, ಅಷ್ಟು ಸುಲಭಕ್ಕೆ ಖಾಲಿಯಾಗುವುದಿಲ್ಲ. ಅದು ಚೆನ್ನಾಗಿದೆ ಅಂತ ಸಂತೋಷಪಡಿ. ಆದರೆ ಇವತ್ತಿನ ನೆನಪಿಗೆ ಅದನ್ನು ಸಾಕ್ಷಿ ಮಾಡಬೇಡಿ.

ಈಗ ಬ್ರೈನ್ ಮ್ಯಾಪಿಂಗ್. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಓಡಾಡುತ್ತಿವೆ. ಒಂದು, ಅದೇ ಇಇಜಿಯನ್ನು ಕಂಪ್ಯೂಟರಿಗೆ ಹಾಕಿ ಕೆಂಪು ನೀಲಿ ಬಣ್ಣದ ತಲೆಚಿತ್ರ ತೆಗೆಯುವುದು. ನೋಡಲು ಚೆನ್ನಾಗಿರುತ್ತದೆ. ಆದರೆ ಸ್ವಲ್ಪ ತೂಕಡಿಸಿದರೆ, ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ನಿದ್ದೆ ಬರಿಸುವ ಮಾತ್ರೆ ನುಂಗಿದ್ದರೆ ಬಣ್ಣ ಬದಲಾಗುತ್ತದೆ. ಆ ಬಣ್ಣ ನೋಡಿ ಇದು ಆಲ್ಝೈಮರ್, ಇದು ಅಲ್ಲ ಎಂದು ಒಬ್ಬ ಮನುಷ್ಯನ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ನಿಮ್ಮ ದುಡ್ಡಿಗೆ ಬೇರೆ ಕೆಲಸವಿದೆ.

ಇನ್ನೊಂದು, ಪೊಲೀಸ್ ತನಿಖೆಯಲ್ಲಿ ಕೇಳಿಬರುವ ಮ್ಯಾಪಿಂಗ್. ಗೊತ್ತಿರುವ ವಸ್ತು ಎದುರಿಗೆ ಬಂದಾಗ ಮೆದುಳಿನಲ್ಲಿ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಅಲೆಯನ್ನು ಅದರಲ್ಲಿ ನೋಡುತ್ತಾರೆ, ಪಿ300 ಅಂತ ಹೆಸರು. ಆ ಅಲೆ 'ಇದು ನನಗೆ ಮುಖ್ಯ, ಇದರ ಮೇಲೆ ಗಮನ ಹೋಯಿತು' ಅನ್ನುತ್ತದೆ. ಯಾಕೆ ಹೋಯಿತು ಅಂತ ಹೇಳುವುದಿಲ್ಲ. ಅಪರಾಧ ಮಾಡಿದವನಿಗೂ, ಟಿವಿಯಲ್ಲಿ ಸುದ್ದಿ ನೋಡಿದವನಿಗೂ ಅದೇ ಅಲೆ ಬರಬಹುದು. ಸುಪ್ರೀಂ ಕೋರ್ಟ್ 2010ರ ಮೇ 5ರಂದು ಕೊಟ್ಟ ತೀರ್ಪಿನಲ್ಲಿ, ಒಬ್ಬರ ಒಪ್ಪಿಗೆ ಇಲ್ಲದೆ ನಾರ್ಕೊ (ಮಂಪರು ಪರೀಕ್ಷೆ), ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ ಎಂದು ಹೇಳಿತು. ಆ ಮೊಕದ್ದಮೆಯ ಹೆಸರೇ ಸೆಲ್ವಿ ಮತ್ತು ಕರ್ನಾಟಕ ರಾಜ್ಯ. ಅಂದರೆ ನಮ್ಮ ಮನೆಯದೇ ಕೇಸು, ನಮಗೇ ಮರೆತುಹೋಗಿದೆ. ಏನೇ ಇರಲಿ, ನಿಮ್ಮ ಅಪ್ಪನ ತಲೆಯಲ್ಲಿ ಯಾವ ಹೆಸರು ಉಳಿದಿದೆ ಎಂದು ಪಟ್ಟಿ ಕೊಡುವ ಯಂತ್ರ ಎಲ್ಲೂ ಇಲ್ಲ.

ಅಲೆಯಲ್ಲಿ ಆಲೋಚನೆ ಕಾಣಬೇಕು ಅನ್ನುವ ಆಸೆ ಹೊಸದೇನಲ್ಲ. ಮನುಷ್ಯನ ಮೆದುಳಿನ ಅಲೆಯನ್ನು 1924ರಲ್ಲಿ ಮೊದಲು ದಾಖಲಿಸಿದ ಜರ್ಮನಿಯ ಹಾನ್ಸ್ ಬರ್ಗರ್ ಅವರನ್ನು ಈ ದಾರಿಗೆ ಹಚ್ಚಿದ್ದೂ ಅಂಥದ್ದೇ ಆಸೆ. ಯೌವನದಲ್ಲಿ, ಸೈನ್ಯದ ತರಬೇತಿಯಲ್ಲಿ ಅವರು ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಚಕ್ರಕ್ಕೆ ಸಿಕ್ಕುವುದು ಸ್ವಲ್ಪದರಲ್ಲಿ ತಪ್ಪಿತು. ದೂರದ ಊರಿನಲ್ಲಿದ್ದ ಅಕ್ಕನಿಗೆ ಅದೇ ದಿನ ಏನೋ ಕೆಡುಕು ಅನಿಸಿ, ಅಪ್ಪನಿಂದ ಟೆಲಿಗ್ರಾಂ ಕೊಡಿಸಿದರಂತೆ. ಮನಸ್ಸಿನಿಂದ ಮನಸ್ಸಿಗೆ ಏನು ಹರಿಯಿತು ಎಂದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಆಲ್ಫಾ ಅಲೆ. ಕಣ್ಣು ಮುಚ್ಚಿದರೆ ಬರುತ್ತದೆ, ತೆರೆದರೆ ಅಡಗುತ್ತದೆ. ಅಷ್ಟೇ!

ತಮ್ಮನಿಗೆ ನಾನು ಹೇಳುವುದೂ ಇದನ್ನೇ. ಆಲ್ಫಾ ಬೇಕಿದ್ದರೆ ಅಪ್ಪ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರೆ ಸಾಕು, ಕಾಸು ಖರ್ಚಿಲ್ಲ. ಆಲ್ಫಾ ಹೆಚ್ಚಾದರೆ ನೆನಪು ಹೆಚ್ಚುತ್ತದೆ ಅನ್ನುವ ಲೆಕ್ಕವೂ ಸರಿಯಲ್ಲ. ಹೊರಗಿನಿಂದ ಅಲೆಗಳನ್ನು ತಟ್ಟಿ ನೆನಪು ಸುಧಾರಿಸಬಹುದೇ ಎಂದು ನಿಜವಾದ ಸಂಶೋಧನೆ ನಡೆಯುತ್ತಿದೆ, ಇಲ್ಲ ಅನ್ನುವುದಿಲ್ಲ. 2022ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು 65 ದಾಟಿದವರ ತಲೆಗೆ ಸಣ್ಣ ವಿದ್ಯುತ್ತನ್ನು ದಿನಕ್ಕೆ 20 ನಿಮಿಷದಂತೆ ನಾಲ್ಕು ದಿನ ಹರಿಸಿದರು. ಪದಗಳ ಪಟ್ಟಿ ನೆನಪಿಡುವುದು ಸುಧಾರಿಸಿತು, ಒಂದು ತಿಂಗಳು ಉಳಿಯಿತು. ಆದರೆ ಅವರೆಲ್ಲ ಮೆದುಳಿನ ಕಾಯಿಲೆ ಇಲ್ಲದವರು, ಆ ಸಾಧನ ಬೇರೆ, ಜಾಗ ಬೇರೆ. ಆನ್‌ಲೈನಿನಲ್ಲಿ ಬರುವ ಹೆಡ್‌ಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಆ ಕೊನೆಯ ಮೂರು ಸಾಲು.

ಕೆರೆತಕ್ಕೆ ಕೊಡುವ ಹಳೇ ಕಾಲದ ಅಲರ್ಜಿ ಮಾತ್ರೆಗಳು ನಿದ್ದೆ ಬರಿಸುವುದು ಅವು ಮೆದುಳಿಗೆ ಹೋಗುವುದರಿಂದ. ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ಹೊಸ ನೆನಪು ಒಳಗೆ ಸೇರಲು ಬೇಕಾಗಿರುವುದು ಅದೇ ರಾಸಾಯನಿಕ. ಆಲ್ಝೈಮರ್‌ನಲ್ಲಿ ಕಡಿಮೆಯಾಗುವುದೂ ಅದೇ. ಅದಕ್ಕೆ ಕೊಡುವ ಡೊನೆಪೆಝಿಲ್ ಮಾತ್ರೆ ಅದನ್ನು ಹೆಚ್ಚಿಸಲು ನೋಡುತ್ತದೆ. ಒಂದು ಕಡೆ ಇದನ್ನು ನುಂಗಿಸಿ ಇನ್ನೊಂದು ಕಡೆ ಆ ಅಲರ್ಜಿ ಮಾತ್ರೆ ಕೊಡುವುದು ಅಂದರೆ ಹೊಂಡಕ್ಕೆ ನೀರು ಬಿಟ್ಟು ತೂಬು ತೆಗೆದಿಟ್ಟ ಹಾಗೆ. ಇಂಥ ಚೀಟಿಗಳನ್ನು ನಾನು ತಿಂಗಳಿಗೆ ಒಂದಾದರೂ ನೋಡುತ್ತೇನೆ. ಬೇರೆ ಬೇರೆ ಡಾಕ್ಟರು ಬರೆದಿರುತ್ತಾರೆ, ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರುವುದಿಲ್ಲ.

ಹಾಗಾಗಿ ಮೊದಲ ಕೆಲಸ, ಅಪ್ಪ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ನಿಮ್ಮ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕೆರೆತಕ್ಕೆ ಅಷ್ಟಾಗಿ ನಿದ್ದೆ ಬರಿಸದ ಹೊಸ ಮಾತ್ರೆಗಳಿವೆ. ಅದಕ್ಕಿಂತ ಮೊದಲು ಕೆರೆತ ಯಾಕೆ ಅಂತ ನೋಡಬೇಕು: ಶುಗರ್, ಕಿಡ್ನಿ, ಥೈರಾಯ್ಡ್, ಇಲ್ಲವೇ ಚಳಿಗಾಲದ ಒಣ ಚರ್ಮ, ಯಾವುದೂ ಇರಬಹುದು. ಮಾತ್ರೆ ಬದಲಿಸಿದರೆ ಕೆಲವು ರಾತ್ರಿ ನಿದ್ದೆ ಕೆಡುತ್ತದೆ, ಗೊಣಗುತ್ತಾರೆ. ತಡೆದುಕೊಳ್ಳಿ. ಚೀಲದಲ್ಲಿ ಬೇರೆ ನಿದ್ದೆ ಮಾತ್ರೆಯೂ ಸಿಕ್ಕರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕೆಲವನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಎರಡನೆಯದು ಮೆಟ್‌ಫಾರ್ಮಿನ್. ಒಳ್ಳೆಯ ಔಷಧಿ, ಬಿಡಬೇಡಿ. ಆದರೆ ವರ್ಷಗಟ್ಟಲೆ ತಗೊಂಡರೆ ಬಿ12 ವಿಟಮಿನ್ ಇಳಿಯಬಹುದು. ಜೊತೆಗೆ ಸಸ್ಯಾಹಾರಿಗಳಾದರೆ, ಗ್ಯಾಸಿಗೆ ದಿನಾ ಮಾತ್ರೆ ನುಂಗುವವರಾದರೆ ಇನ್ನೂ ಬೇಗ. ಬಿ12 ಕಡಿಮೆಯಾದರೂ ಮರೆವು ಬರುತ್ತದೆ. ಒಂದು ರಕ್ತಪರೀಕ್ಷೆ, ಕಡಿಮೆ ಇದ್ದರೆ ಇಂಜೆಕ್ಷನ್. ಅದೇ ರಕ್ತದಲ್ಲಿ ಥೈರಾಯ್ಡ್, ಸೋಡಿಯಂ, ಕಿಡ್ನಿ ಎಲ್ಲ ನೋಡಿಸಿ.

ಮೂರನೆಯದು ಟಿವಿ ಸೌಂಡ್. ಕಿವಿ ಸರಿಯಾಗಿ ಕೇಳದಿದ್ದರೆ ಮಾತು ತಲೆಗೆ ಅರ್ಧವೇ ತಲುಪುತ್ತದೆ. ಅರ್ಧ ಕೇಳಿದ ಉತ್ತರವನ್ನು ಮತ್ತೆ ಕೇಳಬೇಕಾಗುತ್ತದೆ ಅಲ್ವಾ? ನಾವು ಅದನ್ನು ಮರೆವು ಅಂದುಕೊಳ್ಳುತ್ತೇವೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಕಿವುಡುತನ ದೊಡ್ಡದು. ಕಿವಿಯಲ್ಲಿ ಬರೀ ಗುಗ್ಗೆ ತುಂಬಿದ್ದರೂ ಹೀಗಾಗುತ್ತದೆ, ಮೊದಲು ಅದನ್ನು ನೋಡಿಸಿ.

ನೀವು ಬರೆಯದ ಇನ್ನೊಂದು ವಿಷಯ ಕೇಳಲೇ? ರೈಟರ್ ಕೆಲಸ ಬಿಟ್ಟ ಮೇಲೆ ಅಪ್ಪ ಮಂಕಾಗಿದ್ದಾರೆಯೇ? ನೂರು ಜನ 'ರೈಟ್ರೇ' ಅಂತ ಕರೆಯುತ್ತಿದ್ದವರಿಗೆ ಒಮ್ಮೆಲೇ ಕರೆಯುವವರೇ ಇಲ್ಲದಂತಾದರೆ ಖಿನ್ನತೆ ಬರುವುದುಂಟು, ಅದೂ ಮರೆವಿನ ವೇಷ ಹಾಕುತ್ತದೆ. ಗೊರಕೆ ಜೋರಾಗಿದ್ದು ಮಧ್ಯೆ ಮಧ್ಯೆ ಉಸಿರು ನಿಂತಂತಾಗುತ್ತದೆಯೇ? ನಾವು ಗಾಢವಾಗಿ ಮಲಗಿದಾಗ ಮೆದುಳಿನಲ್ಲಿ ದೊಡ್ಡ ನಿಧಾನದ ಅಲೆಗಳು ಏಳುತ್ತವೆ. ಹಗಲು ಹಿಪ್ಪೋಕ್ಯಾಂಪಸ್ ಕೂಡಿಟ್ಟಿದ್ದು ಬೇರೆ ಭಾಗಗಳಿಗೆ ಸಾಗಿ ಗಟ್ಟಿಯಾಗುವುದು ಆಗ. ಉಸಿರುಗಟ್ಟಿ ನಿದ್ದೆ ಹರಿದುಹೋದರೆ ಆ ಸಾಗಣೆ ಕೆಡುತ್ತದೆ.

ಇಷ್ಟು ಮಾಡಿಸುವಾಗಲೇ ನೆನಪಿನ ಪರೀಕ್ಷೆ ಒಂದು ಆಗಬೇಕು. ಯಂತ್ರ ಏನಿಲ್ಲ, ಎದುರು ಕೂತು ಅರ್ಧ ಗಂಟೆ ಕೇಳುವ ಪ್ರಶ್ನೆಗಳು. ಕನ್ನಡದಲ್ಲೇ ಸಿದ್ಧವಾದವು ಇವೆ, ಕನ್ನಡದಲ್ಲೇ ಕೇಳಿ ಎಂದು ಒತ್ತಾಯಿಸಿ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ, ಬೆಂಗಳೂರು ಆಮೇಲೆ. ಅದರಲ್ಲಿ ಕೊರತೆ ಕಂಡರೆ ಎಂಆರ್‌ಐ. ಹಿಪ್ಪೋಕ್ಯಾಂಪಸ್ ಸೊರಗಿದೆಯೇ, ಸಣ್ಣ ಸ್ಟ್ರೋಕ್ ಆಗಿದೆಯೇ, ಎಂದೋ ಬಿದ್ದ ಏಟಿಗೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಅದು ಹೇಳುತ್ತದೆ. ಅದರಲ್ಲೂ ಒಂದು ಕಿರಿಕಿರಿ ಇದೆ. ವಯಸ್ಸಿಗೆ ಬರುವ ಚಿಕ್ಕಪುಟ್ಟ ಬಿಳಿ ಚುಕ್ಕೆಗಳನ್ನೆಲ್ಲ ರಿಪೋರ್ಟಿನಲ್ಲಿ ಬರೆದಿರುತ್ತಾರೆ, ಮನೆಯವರು ಓದಿ ಹೆದರುತ್ತಾರೆ.

ಕೊನೆಗೆ ಆಲ್ಝೈಮರ್ ಅಂತಲೇ ಆದರೆ ಡೊನೆಪೆಝಿಲ್ ಶುರು ಮಾಡಬಹುದು. ಕೆಲವರಿಗೆ ಒಂದಷ್ಟು ಕಾಲ ಹಿಡಿತ ಕೊಡುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ವಾಕರಿಕೆ, ಭೇದಿ, ಕೆಟ್ಟ ಕನಸು ಬರಬಹುದು. ಎದೆಬಡಿತ ನಿಧಾನವಾಗಬಹುದು, ಹಾಗಾಗಿ ಮೊದಲು ಹೃದಯದ ಇಸಿಜಿ ತೆಗೆಸಬೇಕು. ಪರೀಕ್ಷೆಯಲ್ಲಿ ಕೊರತೆ ತೀರಾ ಸಣ್ಣದಿದ್ದರೆ, ಮೇಲಿನದ್ದೆಲ್ಲ ಸರಿಪಡಿಸಿ ಆರು ತಿಂಗಳ ನಂತರ ಅದೇ ಪರೀಕ್ಷೆ ಮತ್ತೆ ಮಾಡಿಸುವುದೂ ಸರಿಯಾದ ದಾರಿಯೇ. ಒಂದು ದಿನದ ಅಂಕಿಗಿಂತ ಆರು ತಿಂಗಳಲ್ಲಿ ಎತ್ತ ಹೋಗುತ್ತಿದೆ ಅನ್ನುವುದು ನನಗೆ ಹೆಚ್ಚು ಹೇಳುತ್ತದೆ. 'ಅರವತ್ತಕ್ಕೆ ಅರಳುಮರಳು, ಬಿಡಿ' ಅಂತ ಸುಮ್ಮನಾಗುವುದು ಮಾತ್ರ ದಾರಿಯಲ್ಲ.

ಇದು ಆಲ್ಝೈಮರ್ ಹೌದೋ ಅಲ್ಲವೋ ಎಂದು ಪತ್ರ ಓದಿ ಹೇಳಲು ಆಗುವುದಿಲ್ಲ. ಇರಬಹುದು. ಆದರೆ ಅದಕ್ಕಿಂತ ಮೊದಲು ಸರಿಮಾಡಬಹುದಾದ ಮೂರು ಕಾರಣ ನಿಮ್ಮ ಮನೆಯಲ್ಲೇ ಕಾಣುತ್ತಿವೆ.

ಇನ್ನೊಂದು. ಮುಂದಿನ ಸಲ ಬಿಪಿ ಟೆಸ್ಟ್ ಅಂತ ಸುಳ್ಳು ಹೇಳಬೇಡಿ. ಪ್ರಶ್ನೆ ಮೂರು ಸಲ ಕೇಳಿದ್ದು ಅವರಿಗೆ ನೆನಪಿಲ್ಲದಿರಬಹುದು, ಮೂರನೇ ಸಲ ನಿಮ್ಮ ಮುಖದಲ್ಲಿ ಬಂದ ಸಿಡುಕು ಅವರಿಗೆ ಕಾಣುತ್ತದೆ. 'ಮರೆವು ಜಾಸ್ತಿ ಆಗಿದೆಯಲ್ಲಪ್ಪಾ, ಒಂದ್ಸಲ ತೋರಿಸೋಣ' ಅಂತ ನೇರವಾಗಿ ಹೇಳಿ. ಹೆಚ್ಚಿನವರು ಒಪ್ಪುತ್ತಾರೆ.

ನನಗೆ ಮತ್ತೆ ಬರೆಯುವ ಮೊದಲು ಎರಡು ಸಣ್ಣ ಕೆಲಸ ಮಾಡಿ. ಆ ಟ್ರ್ಯಾಕ್ಟರ್ ಡ್ರೈವರ್ ಬಗ್ಗೆ ಒಂದು ಸುಳಿವು ಕೊಡಿ, ಯಾವ ಊರಿನವರು, ಯಾವ ಬಣ್ಣದ ಟ್ರ್ಯಾಕ್ಟರ್ ಅಂತ. ಹೆಸರು ಬಂತೇ, ಎಷ್ಟು ಹೊತ್ತಿಗೆ ಬಂತು ಬರೆದಿಡಿ. ಇನ್ನೊಂದು ದಿನ ಬೆಳಿಗ್ಗೆ ತಿಂಡಿಗೆ ಏನು ತಿಂದರು ಎಂದು ಸಂಜೆ ಕೇಳಿ. ಬರದಿದ್ದರೆ 'ಅಕ್ಕಿರೊಟ್ಟಿನೋ, ಕಡುಬೋ, ಉಪ್ಪಿಟ್ಟೋ' ಅಂತ ಮೂರು ಹೇಳಿ, ಆರಿಸುತ್ತಾರೆಯೇ ನೋಡಿ. ಎರಡಕ್ಕೂ ಬಂದ ಉತ್ತರವನ್ನು ಹಾಗೆಯೇ ಬರೆದು, ಮಾತ್ರೆಗಳ ಪಟ್ಟಿಯ ಜೊತೆ ಕಳಿಸಿ.